ಮುಂದೋಳಿನ ಮೂಳೆಗಳ ಪೋಷಕ ರಂಧ್ರಗಳು

ಪೋಷಕ ರಂಧ್ರ ಎಂದರೆ ಮೂಳೆಯ ಒಳಭಾಗಕ್ಕೆ ರಕ್ತವನ್ನು ಒಯ್ಯುವ ಅಪಧಮನಿಯು ಪ್ರವೇಶಿಸುವ ಚಿಕ್ಕ ದ್ವಾರ. ಮಾನವನ ಮುಂದೋಳಿನಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿ, ಎರಡು ಉದ್ದ ಮೂಳೆಗಳಿವೆ. ಹೆಬ್ಬೆರಳಿನ ಬದಿಯದು ರೇಡಿಯಸ್, ಕಿರುಬೆರಳಿನ ಬದಿಯದು ಅಲ್ನಾ. ಸಾಮಾನ್ಯವಾಗಿ ಈ ಎರಡೂ ಮೂಳೆಗಳ ಕಾಂಡದಲ್ಲಿ ಒಂದೊಂದು ಮುಖ್ಯ ಪೋಷಕ ರಂಧ್ರವಿರುತ್ತದೆ. ಮೂಳೆಯ ಬೆಳವಣಿಗೆಯನ್ನು ಅರಿಯಲು, ಮುರಿದ ಮೂಳೆಗೆ ಚಿಕಿತ್ಸೆ ನೀಡಲು ಈ ರಂಧ್ರಗಳ ಸ್ಥಾನ ಮತ್ತು ದಿಕ್ಕಿನ ತಿಳಿವಳಿಕೆ ಅಗತ್ಯ.

ಸ್ಥಾನ

ಎರಡೂ ಮೂಳೆಗಳಲ್ಲಿ ಪೋಷಕ ರಂಧ್ರವು ಹೆಚ್ಚಾಗಿ ಮುಂಭಾಗದ ಮೇಲ್ಮೈಯಲ್ಲಿ, ಕಾಂಡದ ನಡುಮಧ್ಯಕ್ಕಿಂತ ತುಸು ಮೇಲೆ ಕಂಡುಬರುತ್ತದೆ. ಕೆಲವರಲ್ಲಿ ಅದು ಮೂಳೆಯ ಅಂಚಿನಲ್ಲಿ ಅಥವಾ ಹಿಂಭಾಗದಲ್ಲಿ ಇರುವುದುಂಟು. ಒಂದರ ಬದಲು ಎರಡು ರಂಧ್ರಗಳಿರುವುದೂ ಉಂಟು. ಸ್ಥಾನವನ್ನು ಸಂಖ್ಯೆಯಲ್ಲಿ ಸೂಚಿಸಲು ರಂಧ್ರ ಸೂಚ್ಯಂಕವನ್ನು ಬಳಸುತ್ತಾರೆ. ಮೂಳೆಯ ಮೇಲ್ತುದಿಯಿಂದ ರಂಧ್ರಕ್ಕಿರುವ ದೂರವನ್ನು ಮೂಳೆಯ ಒಟ್ಟು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, 24 ಸೆಂ.ಮೀ. ಉದ್ದದ ರೇಡಿಯಸ್‌ನಲ್ಲಿ ರಂಧ್ರವು ಮೇಲ್ತುದಿಯಿಂದ 8.4 ಸೆಂ.ಮೀ. ದೂರದಲ್ಲಿದ್ದರೆ ಸೂಚ್ಯಂಕ 35 ಆಗುತ್ತದೆ. ಇದು 33.3ಕ್ಕಿಂತ ಕಡಿಮೆಯಿದ್ದರೆ ರಂಧ್ರವು ಮೂಳೆಯ ಮೇಲಿನ ಮೂರನೆಯ ಒಂದು ಭಾಗದಲ್ಲಿಯೂ, 66.6ರವರೆಗೆ ಇದ್ದರೆ ನಡುವಿನ ಭಾಗದಲ್ಲಿಯೂ, ಅದಕ್ಕೂ ಹೆಚ್ಚಾದರೆ ಕೆಳಭಾಗದಲ್ಲಿಯೂ ಇದೆಯೆಂದು ಅರ್ಥ.

ರಕ್ತಪೂರೈಕೆ

ತೋಳಿನ ಮುಖ್ಯ ಅಪಧಮನಿಯು ಮೊಣಕೈಯ ಬಳಿ ರೇಡಿಯಲ್ ಮತ್ತು ಅಲ್ನಾರ್ ಎಂಬ ಎರಡು ಅಪಧಮನಿಗಳಾಗಿ ಕವಲೊಡೆಯುತ್ತದೆ. ಅಲ್ನಾರ್ ಅಪಧಮನಿಯ ಒಂದು ಶಾಖೆಯು ಎರಡು ಮೂಳೆಗಳನ್ನು ಬೆಸೆಯುವ ಪೊರೆಯ ಮುಂಭಾಗದಲ್ಲಿ ಕೆಳಗಿಳಿಯುತ್ತದೆ. ರೇಡಿಯಸ್ ಮತ್ತು ಅಲ್ನಾಗಳ ಪೋಷಕ ಅಪಧಮನಿಗಳು ಸಾಮಾನ್ಯವಾಗಿ ಇದರಿಂದಲೇ ಹೊರಡುತ್ತವೆ. ರಂಧ್ರದ ಮೂಲಕ ಒಳಹೊಕ್ಕ ಅಪಧಮನಿಯು ಓರೆಯಾದ ಕಾಲುವೆಯನ್ನು ದಾಟಿ ಅಸ್ಥಿಮಜ್ಜೆಯನ್ನು ಸೇರಿ, ಮೇಲ್ಮುಖ ಮತ್ತು ಕೆಳಮುಖ ಶಾಖೆಗಳಾಗಿ ಒಡೆಯುತ್ತದೆ. ಮಜ್ಜೆಗೂ ಗಟ್ಟಿಮೂಳೆಯ ಒಳಗಿನ ಸುಮಾರು ಮೂರನೆಯ ಎರಡು ಭಾಗಕ್ಕೂ ರಕ್ತ ಒದಗುವುದು ಈ ಶಾಖೆಗಳಿಂದ. ಹೊರಗಿನ ಭಾಗಕ್ಕೆ ಮೂಳೆಯನ್ನು ಹೊದೆದಿರುವ ಪೊರೆಯ ನಾಳಗಳಿಂದಲೂ, ಮೂಳೆಯ ತುದಿಗಳಿಗೆ ಕೀಲುಗಳ ಸುತ್ತಲಿನ ನಾಳಗಳಿಂದಲೂ ರಕ್ತ ಸಲ್ಲುತ್ತದೆ.

ದಿಕ್ಕು ಮತ್ತು ಬೆಳವಣಿಗೆ

ಒಣಗಿದ ಮೂಳೆಯ ಪೋಷಕ ರಂಧ್ರದಲ್ಲಿ ತೆಳುವಾದ ತಂತಿಯನ್ನು ತೂರಿಸಿದರೆ ಅದು ನೇರವಾಗಿ ಒಳಹೋಗದೆ ಮೊಣಕೈಯ ಕಡೆಗೆ ಓರೆಯಾಗಿ ಸಾಗುತ್ತದೆ. ಕೈಯ ಉದ್ದ ಮೂಳೆಗಳ ರಂಧ್ರಗಳು ಮೊಣಕೈಯತ್ತ, ಕಾಲಿನವು ಮೊಣಕಾಲಿನಿಂದ ದೂರಕ್ಕೆ ಎಂಬುದು ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುವ ನಿಯಮ.

ಇದಕ್ಕೆ ಕಾರಣ ಮೂಳೆಯ ಎರಡು ತುದಿಗಳ ಅಸಮಾನ ಬೆಳವಣಿಗೆ. ರೇಡಿಯಸ್ ಮತ್ತು ಅಲ್ನಾಗಳ ಕಾಂಡವು ಭ್ರೂಣದ ಸುಮಾರು 8ನೆಯ ವಾರದಲ್ಲಿ ಮೂಳೆಯಾಗಿ ಗಟ್ಟಿಗೊಳ್ಳಲು ಆರಂಭಿಸುತ್ತದೆ. ಆ ಬಳಿಕ ಈ ಮೂಳೆಗಳು ಉದ್ದವಾಗುವುದು ಬಹುಪಾಲು ಮಣಿಕಟ್ಟಿನ ಬಳಿಯ ತುದಿಯಲ್ಲಿ. ಅಲ್ಲಿಯ ಬೆಳವಣಿಗೆಯ ಮೃದ್ವಸ್ಥಿಯು ಮೊಣಕೈ ಬದಿಯದಕ್ಕಿಂತ ತಡವಾಗಿ ಮೂಳೆಯೊಡನೆ ಕೂಡಿಕೊಳ್ಳುತ್ತದೆ. ಹೆಚ್ಚು ಬೆಳೆಯುವ ತುದಿಯತ್ತ ಹೊರಗಿನ ನಾಳವು ಎಳೆಯಲ್ಪಡುವುದರಿಂದ ಕಾಲುವೆಯು ಕಡಿಮೆ ಬೆಳೆಯುವ ತುದಿಯ ಕಡೆಗೆ ವಾಲುತ್ತದೆ ಎಂದು ವಿವರಿಸಲಾಗುತ್ತದೆ. ಹೀಗೆ, ಬೆಳವಣಿಗೆ ಮುಗಿದ ಬಳಿಕವೂ ಮೂಳೆಯ ಯಾವ ತುದಿ ಹೆಚ್ಚು ಬೆಳೆಯಿತೆಂಬುದನ್ನು ರಂಧ್ರದ ದಿಕ್ಕು ಸೂಚಿಸುತ್ತದೆ.

ವೈದ್ಯಕೀಯ ಮಹತ್ವ

ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವಾಗ ರೇಡಿಯಸ್ ಮೂಳೆಯು ಅಲ್ನಾದ ಸುತ್ತ ಹೊರಳುತ್ತದೆ. ಮುರಿದ ಮೂಳೆ ವಕ್ರವಾಗಿ ಕೂಡಿಕೊಂಡರೆ ಈ ಚಲನೆ ಕುಗ್ಗುತ್ತದೆ. ಆದ್ದರಿಂದ ವಯಸ್ಕರಲ್ಲಿ ಎರಡೂ ಮೂಳೆಗಳ ಕಾಂಡ ಮುರಿದು ಸ್ಥಾನ ತಪ್ಪಿದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡಿ ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯಲಾಗುತ್ತದೆ.

ಮೂಳೆ ಮುರಿದಾಗ ಒಳಗಿನ ಪೋಷಕ ಅಪಧಮನಿಯ ಶಾಖೆಗಳೂ ತುಂಡಾಗಬಹುದು. ಬಿರುಕು ರಂಧ್ರಕ್ಕಿಂತ ಕೆಳಗಿದ್ದರೆ ಕೆಳಮುಖ ಶಾಖೆ ಕಡಿದು, ಕೆಳತುಂಡಿಗೆ ಆ ದಾರಿಯಿಂದ ಬರುವ ರಕ್ತ ನಿಲ್ಲುತ್ತದೆ. ಆಗ ಹೊರಪೊರೆ ಮತ್ತು ಅದಕ್ಕೆ ಅಂಟಿದ ಸ್ನಾಯುಗಳ ನಾಳಗಳೇ ಆಧಾರವಾಗುತ್ತವೆ. ಪೊರೆಯನ್ನು ಅಗತ್ಯಕ್ಕಿಂತ ಹೆಚ್ಚು ಸುಲಿದರೆ ಅಥವಾ ರಂಧ್ರದ ಬಳಿ ಅಪಧಮನಿಯನ್ನು ಕತ್ತರಿಸಿದರೆ ಮೂಳೆ ಕೂಡುವುದು ತಡವಾಗಬಹುದು, ಕೆಲವೊಮ್ಮೆ ಕೂಡದೆಯೇ ಉಳಿಯಬಹುದು. ಈ ಕಾರಣದಿಂದ ಶಸ್ತ್ರಚಿಕಿತ್ಸಕರು ರಂಧ್ರವಿರುವ ಪ್ರದೇಶದಲ್ಲಿ ಎಚ್ಚರ ವಹಿಸುತ್ತಾರೆ. ಮೂಳೆಯ ಮೇಲ್ಮೈಗೆ ಕಡಿಮೆ ತಾಗುವಂತೆ ರೂಪಿಸಿದ ಪಟ್ಟಿಗಳ ಹಿಂದಿರುವುದೂ ಹೊರಗಿನ ರಕ್ತಪೂರೈಕೆಯನ್ನು ಉಳಿಸುವ ಉದ್ದೇಶವೇ. ರಕ್ತನಾಳಸಹಿತ ಮೂಳೆಯ ಕಸಿಯಲ್ಲಿಯೂ ಪೋಷಕ ಅಪಧಮನಿಯ ಸ್ಥಾನ ತಿಳಿದಿರಬೇಕಾಗುತ್ತದೆ.

ಕ್ಷಕಿರಣ ಚಿತ್ರದಲ್ಲಿ ಪೋಷಕ ಕಾಲುವೆಯು ಸಣ್ಣ ಕಪ್ಪು ಗೆರೆಯಾಗಿ ಕಂಡು ಬಿರುಕಿನ ಭ್ರಮೆ ಹುಟ್ಟಿಸಬಹುದು. ಕಾಲುವೆಯ ಗೆರೆ ನಿಯತ ಸ್ಥಾನದಲ್ಲಿ, ಓರೆಯಾಗಿ, ನಯವಾದ ಬಿಳಿಯ ಅಂಚುಗಳೊಡನೆ ಇರುತ್ತದೆ. ಹೊಸ ಬಿರುಕಿಗೆ ಅಂತಹ ಬಿಳಿಯ ಅಂಚು ಇರುವುದಿಲ್ಲ. ಆ ಜಾಗದಲ್ಲಿ ನೋವು, ಊತಗಳೂ ಕಂಡುಬರುತ್ತವೆ.