ಮಗು ಆಟದಲ್ಲಿ ಹೇಳುವ ಮಾತು

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ನದಿ ದಂಡೆಯ ಊರುಗಳಿಗೆ ನುಗ್ಗಿದ್ದು ಪಾಲಬಾವಿ ಸುತ್ತಲಿನ ಓದುಗರಿಗೆ ನೆನಪಿರುತ್ತದೆ. ಎಷ್ಟೋ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವು. ದೊಡ್ಡವರು ಬಿದ್ದ ಗೋಡೆ, ಹೋದ ಬೆಳೆಯ ಬಗ್ಗೆ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಬಲ್ಲರು. ನಾಲ್ಕೈದು ವರ್ಷದ ಮಗುವಿಗೆ ತನ್ನ ಹೆದರಿಕೆಯನ್ನು ಹೇಳಲು ಅಷ್ಟು ಮಾತು ಬರುವುದಿಲ್ಲ. ಅದು ಹಾಸಿಗೆ ಒದ್ದೆ ಮಾಡುತ್ತದೆ, ಅಮ್ಮಿಯ ಸೆರಗು ಬಿಡುವುದಿಲ್ಲ, ಸುಮ್ಮಸುಮ್ಮನೆ ತಮ್ಮನಿಗೆ ಹೊಡೆಯುತ್ತದೆ. ಇಲ್ಲವೇ ಬಕೆಟ್ ನೀರಿನಲ್ಲಿ ಗೊಂಬೆಯನ್ನು ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸುತ್ತಾ ಕೂರುತ್ತದೆ. 'ಇದೆಂಥ ಕೆಟ್ಟ ಆಟ' ಎಂದು ನೀವು ಗದರಿದರೆ ಅದು ಹೇಳಹೊರಟದ್ದು ಅಲ್ಲಿಗೇ ನಿಲ್ಲುತ್ತದೆ.

ನಿಜವಾದ ಪ್ರವಾಹದಲ್ಲಿ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ನೀರು ಎಷ್ಟು ಬರಬೇಕು, ಗೊಂಬೆಯನ್ನು ಯಾವಾಗ ಎತ್ತಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ಹೀಗೆ ಆಡುತ್ತಾ ಆಡುತ್ತಾ ಹೆದರಿಕೆ ಅದರ ಹಿಡಿತಕ್ಕೆ ಬರುತ್ತದೆ. ಪ್ಲೇ ಥೆರಪಿ ನಿಂತಿರುವುದು ಇದರ ಮೇಲೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಈ ಕುರಿತು ಬರೆದ ಪುಸ್ತಕದ ಮುಖ್ಯ ಸೂತ್ರ ಸರಳ: ಮಗು ಮುಂದೆ, ದೊಡ್ಡವರು ಹಿಂದೆ. ಚಿಕಿತ್ಸಕರ ಕೋಣೆಯಲ್ಲಿ ಮರಳು, ಜೇಡಿಮಣ್ಣು, ಬಣ್ಣ, ಗೊಂಬೆ, ಪ್ರಾಣಿಗಳ ಆಟಿಕೆ ಇರುತ್ತವೆ. ಏನು ಆಡಬೇಕೆಂದು ಅವರು ಹೇಳುವುದಿಲ್ಲ. ಯಾರಿಗೂ ನೋವು ಮಾಡಬಾರದು ಎಂಬಂಥ ಒಂದೆರಡು ಕಟ್ಟಳೆ ಮಾತ್ರ.

ಚಿಕಿತ್ಸೆ ಅವರ ಕೆಲಸ. ಆದರೆ ಅದರ ಒಂದು ಪಾಲನ್ನು ನೀವೂ ಮಾಡಬಹುದು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಮೊಬೈಲ್ ದೂರವಿಟ್ಟು ಮಗುವಿನ ಜೊತೆ ನೆಲದ ಮೇಲೆ ಕೂರಿ. 'ಯಾಕೆ ಹೀಗೆ ಮಾಡಿದೆ?' ಎಂದು ಕೇಳಬೇಡಿ, ಪಾಠ ಹೇಳಬೇಡಿ. ಕಂಡದ್ದನ್ನಷ್ಟೇ ಹೇಳಿ: 'ಗೊಂಬೆಗೆ ಬಹಳ ಹೆದರಿಕೆ ಆಗಿದೆ ಅಲ್ವಾ?' (ಅಬ್ಬಾ ಕೂತರೆ ಇನ್ನೂ ಒಳ್ಳೆಯದು. ನಮ್ಮ ಮನೆಗಳಲ್ಲಿ ಈ ಕೆಲಸ ತಾಯಿಯ ತಲೆಗೇ ಬೀಳುತ್ತದೆ.) ಗೊಂಬೆ ತರಲು ಹಿಂಜರಿಯುವ ಮನೆಗಳೂ ಉಂಟು. ಹ. ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದುದು ಬುಖಾರಿ ಹದೀಸ್‌ನಲ್ಲಿದೆ. ಆದರೂ ಮನಸ್ಸೊಪ್ಪದಿದ್ದರೆ ಮಣ್ಣು, ಖಾಲಿ ಡಬ್ಬಿ, ಬಟ್ಟೆಯ ಗಂಟು ಸಾಕು. ಮಗು ಅದನ್ನೇ ಮನೆ, ದೋಣಿ, ದಾದಿ ಮಾಡಿಕೊಳ್ಳುತ್ತದೆ.

ಪ್ರವಾಹವೇ ಆಗಬೇಕೆಂದಿಲ್ಲ. ಮನೆಯಲ್ಲೊಂದು ಸಾವು, ತಂದೆತಾಯಿಯ ಜಗಳ, ಆಸ್ಪತ್ರೆ ವಾಸ ಇವೂ ಮಗುವಿನ ಆಟದಲ್ಲಿ ಕಾಣಿಸಿಕೊಳ್ಳುತ್ತವೆ.

ಆದರೆ ಒಂದು ಎಚ್ಚರ. ಆಡಿದ ಮೇಲೆ ಮಗು ಹಗುರಾಗುತ್ತಿದ್ದರೆ ಚಿಂತೆಯಿಲ್ಲ. ವಾರಗಟ್ಟಲೆ ಅದೇ ಆಟ, ಅದೇ ಕೊನೆ, ಆಡಿದಷ್ಟೂ ಹೆದರಿಕೆ ಹೆಚ್ಚು, ನಿದ್ದೆ-ಊಟ ಕಡಿಮೆ ಎಂದಾದರೆ ತಜ್ಞರಿಗೆ ತೋರಿಸಬೇಕು. ಹಾಸಿಗೆ ಒದ್ದೆ ಮಾಡುವುದಕ್ಕೆ ಮೂತ್ರದ ಸೋಂಕೂ ಕಾರಣವಿರಬಹುದು, ಅದನ್ನು ಮೊದಲು ಪರೀಕ್ಷಿಸಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಹೋಗುವಾಗ ಮಗು ಯಾವ ಆಟ ಆಡುತ್ತದೆ, ಎಷ್ಟು ದಿನದಿಂದ, ಆಟ ಹೇಗೆ ಮುಗಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.