ಇಂಗ್ಲಿಷ್ ಪಿಕ್ಚರಿನ ಮೇಲೆ ಕಟ್ಟೆ ತೀರ್ಪು

ರುದ್ರಪಟ್ಟಣದಲ್ಲಿ ಸಂಗೀತದ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿ ದಕ್ಕಿಸಿಕೊಳ್ಳುವುದು ಕಷ್ಟ. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಟಣ ಸಹೋದರರ ಊರು, ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿಕೊಂಡ ಊರು. ಶ್ರುತಿ ಎಳ್ಳಷ್ಟು ಜಾರಿದರೂ ಹಿಡಿಯುವ ಕಿವಿಗಳಿವೆ. ಸಿನಿಮಾಕ್ಕೆ ಆ ಭಯವಿಲ್ಲ. ಅದರಲ್ಲೂ ಹಾಲಿವುಡ್ ಎಂದರೆ ಹಾಸನಕ್ಕೋ ಮೈಸೂರಿಗೋ ಹೋಗಿ ಒಂದೆರಡು ನೋಡಿ, ಉಳಿದದ್ದನ್ನು ಮೊಬೈಲಿನಲ್ಲಿ ಮುಗಿಸಿದವರೂ ಧೈರ್ಯವಾಗಿ ತೀರ್ಪು ಕೊಡುತ್ತಾರೆ. ಕೊಣನೂರು ಬಸ್ ಸ್ಟ್ಯಾಂಡಿನಲ್ಲಿ, ಹೊಳೆನರಸೀಪುರದ ಮೇಲೆ ಹಾಯುವ ರೈಲಿನಲ್ಲಿ ಕಿವಿಗೆ ಬೀಳುವ ಆ ತೀರ್ಪುಗಳಲ್ಲಿ ಕೆಲವನ್ನು ಇಲ್ಲಿ ಮರುವಿಚಾರಣೆಗೆ ಎತ್ತಿಕೊಂಡಿದ್ದೇನೆ.

‘ಇಂಗ್ಲಿಷ್ ಪಿಕ್ಚರ್ ಅಂದ್ರೆ ಎಲ್ಲಾ ಹಾಲಿವುಡ್ದೇ’

ಜಾಕಿ ಚಾನ್ ಹೆಸರು ಮಾಡಿದ ಹೊಡೆದಾಟದ ಚಿತ್ರಗಳು ಹಾಂಗ್‌ಕಾಂಗಿನವು. ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ (1973) ಅರ್ಧ ಅಲ್ಲಿಯದು, ಅರ್ಧ ವಾರ್ನರ್ ಬ್ರದರ್ಸ್ ಕಂಪನಿಯದು. ಆಕಾಶದಿಂದ ಬಿದ್ದ ಕೋಲಾ ಬಾಟಲಿಯ ಕತೆ ಹೇಳಿ ನಮ್ಮವರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’ (1980) ದಕ್ಷಿಣ ಆಫ್ರಿಕಾದ ನಿರ್ದೇಶಕ ಜೇಮಿ ಯೂಸ್ ಮಾಡಿದ್ದು. ಜೇಮ್ಸ್ ಬಾಂಡ್‌ನ ಮನೆ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊ. ಎಂಟು ಆಸ್ಕರ್ ಪಡೆದ ‘ಗಾಂಧಿ’ (1982) ಬ್ರಿಟನ್ ಮತ್ತು ಭಾರತ ಸೇರಿ ತೆಗೆದದ್ದು, ನಮ್ಮ ಸರ್ಕಾರಿ ಸಂಸ್ಥೆಯಾದ ಎನ್‌ಎಫ್‌ಡಿಸಿಯ ದುಡ್ಡೂ ಅದರಲ್ಲಿದೆ. ಹಂಚಿಕೆ ಮಾತ್ರ ಅನೇಕ ಸಲ ಅಮೆರಿಕದ ಕಂಪನಿಗಳ ಕೈಯಲ್ಲಿರುತ್ತದೆ. ಪೋಸ್ಟರಿನ ಮೇಲೆ ಅವರ ಮುದ್ರೆ ಕಂಡ ಕೂಡಲೇ ನಾವು ಇಡೀ ಚಿತ್ರವನ್ನು ಅವರ ಖಾತೆಗೆ ಬರೆದುಬಿಡುತ್ತೇವೆ.

‘ನಮ್ಮವರಿಗೆ ಅಲ್ಲಿ ಜಾಗ ಸಿಕ್ಕಿದ್ದು ಮೊನ್ನೆ ಮೊನ್ನೆ’

ಇದು ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವ ತಪ್ಪು. ಯಾಕೆಂದರೆ ಹಾಲಿವುಡ್ಡಿನಲ್ಲಿ ದೊಡ್ಡ ಹೆಸರು ಮಾಡಿದ ಮೊದಲ ಭಾರತೀಯ ನಟ ನಮ್ಮ ನೆರೆಯ ಮೈಸೂರು ಸೀಮೆಯವನು. ಕಾಕನಕೋಟೆ ಕಾಡಿನ ಮಗ್ಗುಲಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಅರಮನೆ ಆನೆಗಳ ಮಾವುತನ ಮಗ. ಚಿಕ್ಕಂದಿನಲ್ಲೇ ತಬ್ಬಲಿಯಾದವನು. ಕಿಪ್ಲಿಂಗ್ ಬರೆದ ಆನೆ ಹುಡುಗನ ಕತೆಗೆ ನಟನನ್ನು ಹುಡುಕುತ್ತ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಈ ಹುಡುಗ. ಮಹಾರಾಜರ ಆನೆಗಳ ನಡುವೆಯೇ ಚಿತ್ರೀಕರಣ ನಡೆಯಿತು. ಕತೆಯಲ್ಲಿ ಬರುವ ಕಾಲಾ ನಾಗ ಎಂಬ ಆನೆಯ ಪಾತ್ರ ಮಾಡಿದ ಆನೆಯ ಹೆಸರು ಐರಾವತ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆ ಕಂಡು ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ಆ ಚಿತ್ರ ಬ್ರಿಟಿಷರದು ಎಂದು ನೀವು ನನ್ನ ಮೊದಲ ಮಾತನ್ನೇ ನನಗೆ ತಿರುಗಿಸಬಹುದು. ಸರಿಯೇ. ಆದರೆ ‘ದಿ ಥೀಫ್ ಆಫ್ ಬಾಗ್ದಾದ್’ ಲಂಡನ್ನಿನಲ್ಲಿ ತಯಾರಾಗುತ್ತಿದ್ದಾಗ ಮಹಾಯುದ್ಧ ಶುರುವಾಯಿತು, ತಂಡ ಗಂಟುಮೂಟೆ ಕಟ್ಟಿ ಹಾಲಿವುಡ್ಡಿಗೆ ಹೋಯಿತು, ಹುಡುಗನೂ ಹೋದ. 1942ರ ‘ಜಂಗಲ್ ಬುಕ್’ನಲ್ಲಿ ಕಾಡಿನ ಹುಡುಗ ಮೋಗ್ಲಿ ಅವನೇ. 1944ರಲ್ಲಿ ಅಮೆರಿಕದ ಪೌರನಾದ. ಅವರ ವಾಯುಪಡೆ ಸೇರಿ ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ದುಡಿದು ಪದಕ ಪಡೆದ. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನೇ. ಅದು ಕೈಗೂಡದೆ ಸುನಿಲ್ ದತ್ ಪಾಲಾಯಿತು. 1963ರಲ್ಲಿ, 39ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ. ಹಾಲಿವುಡ್ಡಿನ ಮೇಲೆ ಇಲ್ಲಿ ನ್ಯಾಯವಾದ ದೂರು ಬೇರೆ ಇದೆ: ಅವನಿಗೆ ಜಾಗ ಕೊಟ್ಟರು, ಆದರೆ ಬಹುಪಾಲು ಪೇಟ, ಕಚ್ಚೆ, ಕಾಡು ಇರುವ ಪಾತ್ರಗಳಲ್ಲೇ ಕಟ್ಟಿಹಾಕಿದರು.

‘ಎಲ್ಲಾ ಗ್ರಾಫಿಕ್ಸ್ ಕಣೋ, ಕಂಪ್ಯೂಟರ್ ಮುಂದೆ ಕೂತು ಮಾಡ್ತಾರೆ’

‘ಜುರಾಸಿಕ್ ಪಾರ್ಕ್’ (1993) ನೋಡಿದವರೆಲ್ಲ ಹೇಳುವ ಮಾತು. ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸುವುದೇ ಸುಮಾರು 15 ನಿಮಿಷ, ಅದರಲ್ಲಿ ಕಂಪ್ಯೂಟರಿನ ಪಾಲು ಆರೇಳು ನಿಮಿಷ ದಾಟುವುದಿಲ್ಲ. ಮಿಕ್ಕಿದ್ದು ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರದ ಪ್ರಾಣಿಗಳು. ಮಳೆಯ ದೃಶ್ಯ ತೆಗೆಯುವಾಗ ಟಿ-ರೆಕ್ಸ್‌ನ ರಬ್ಬರ್ ಚರ್ಮ ನೀರು ಕುಡಿದು ಭಾರವಾಗಿ ಇಡೀ ಯಂತ್ರ ಗಡಗಡ ನಡುಗತೊಡಗಿತು. ಒಂದೊಂದು ಶಾಟ್ ಮುಗಿದ ಮೇಲೂ ಕೆಲಸದವರು ಟವೆಲ್ ಹಿಡಿದು ಅದರ ಮೈ ಒರೆಸಿ ಒಣಗಿಸಬೇಕಾಯಿತು. ನಾವು ಕೇಳಿ ಬೆಚ್ಚಿದ ಅದರ ಗರ್ಜನೆಯಲ್ಲಿ ಮರಿಯಾನೆಯ ಘೀಳು ಬೆರೆತಿದೆ. ಸಕಲೇಶಪುರ, ಆಲೂರು ಕಡೆ ತೋಟದಲ್ಲಿ ಆನೆ ಕಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಉಲ್ಟಾ ಸುಳ್ಳೂ ಚಲಾವಣೆಯಲ್ಲಿದೆ. ‘ಟಾಪ್ ಗನ್: ಮ್ಯಾವರಿಕ್’ (2022) ಬಂದಾಗ ಎಲ್ಲಾ ನಿಜವಾದ ಹಾರಾಟ ಎಂದೇ ಪ್ರಚಾರ ನಡೆಯಿತು. ನಟರು ಯುದ್ಧವಿಮಾನದಲ್ಲಿ ಕೂತು ಹಾರಿದ್ದು ನಿಜ. ಆದರೆ ಆ ಚಿತ್ರದಲ್ಲಿ ಕಂಪ್ಯೂಟರ್ ಕೈಯಾಡಿಸಿದ ಶಾಟ್‌ಗಳು 2,000ಕ್ಕೂ ಹೆಚ್ಚು.

ಇನ್ನು ಆ ಕಂಪ್ಯೂಟರಿನ ಮುಂದೆ ಕೂತವರು ಯಾರು? 2016ರಲ್ಲಿ ಜಾನ್ ಫಾವ್ರೋ ಮತ್ತೆ ‘ಜಂಗಲ್ ಬುಕ್’ ತೆಗೆದಾಗ ಇಡೀ ಕಾಡು ಹುಟ್ಟಿದ್ದು ಲಾಸ್ ಏಂಜಲಿಸಿನ ಸ್ಟುಡಿಯೊದೊಳಗೆ. ಪ್ರಾಣಿಗಳನ್ನು ರೂಪಿಸಿದ ಎಂಪಿಸಿ ಕಂಪನಿಯ ಕೆಲಸದಲ್ಲಿ ದೊಡ್ಡ ಪಾಲು ಬೆಂಗಳೂರಿನ ಕಚೇರಿಯಲ್ಲಿ ನಡೆಯಿತು. ಆ ಕೆಲಸಕ್ಕೆ ಆಸ್ಕರ್ ಬಂತು. 1942ರಲ್ಲಿ ನಾವು ಹುಡುಗನನ್ನು ಕೊಟ್ಟೆವು, 2016ರಲ್ಲಿ ಪ್ರಾಣಿಗಳನ್ನು. ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಮುಳುಗಿದಾಗ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಕೆಲಸ ಕಳೆದುಕೊಂಡವರ ಸಾಲು ದೊಡ್ಡದಿತ್ತು. ‘ಬರೀ ಗ್ರಾಫಿಕ್ಸ್’ ಎಂದು ಮೂಗು ಮುರಿಯುವಾಗ ಆ ‘ಬರೀ’ಯಲ್ಲಿ ನಮ್ಮ ಅರಕಲಗೂಡು ತಾಲ್ಲೂಕಿನ ಹುಡುಗರೂ ಇರಬಹುದು.

‘ಅವರ ಪಿಕ್ಚರಲ್ಲಿ ಹಾಡೂ ಇಲ್ಲ, ಸಂಗೀತಾನೂ ಇಲ್ಲ’

ಸಂಗೀತದ ಊರಿನಲ್ಲಿ ಇದು ತೀರ ಗಂಭೀರ ಆರೋಪ. ಹಾಲಿವುಡ್ ಬಾಯಿ ಬಿಟ್ಟದ್ದೇ ಹಾಡಿನಿಂದ: 1927ರ ‘ದಿ ಜಾಝ್ ಸಿಂಗರ್’ ಒಬ್ಬ ಹಾಡುಗಾರನ ಕತೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ನಮ್ಮ ಯಾವ ಚಿತ್ರಕ್ಕೂ ಕಡಿಮೆಯಿಲ್ಲದಷ್ಟು ಹಾಡುತ್ತದೆ. ಹಾಡಿಲ್ಲದ ಚಿತ್ರಗಳ ಮಾತಿಗೆ ಬಂದರೆ ‘ಜಾಸ್’ (1975) ಕೇಳಿ. ಶಾರ್ಕ್ ಬರುತ್ತಿದೆ ಎಂದು ಹೆದರಿಸಲು ಜಾನ್ ವಿಲಿಯಮ್ಸ್ ಶುರುವಿನಲ್ಲಿ ಬಳಸಿದ್ದು ಎರಡೇ ಸ್ವರ, ಅವೂ ಅಕ್ಕಪಕ್ಕದವು. ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಶುದ್ಧ ರಿಷಭದ ನಡುವಿನ ಅಂತರ. ಅದನ್ನೇ ನಿಧಾನವಾಗಿ ಹಿಡಿದು ಕಾಲ ಏರಿಸುತ್ತ ಹೋಗುತ್ತಾರೆ, ಕೂತ ಕುರ್ಚಿಯಲ್ಲಿ ಬೆವರು ಬರುತ್ತದೆ. ಇನ್ನು ‘ಲೈಫ್ ಆಫ್ ಪೈ’ಯ ಜೋಗುಳಕ್ಕಾಗಿ ಬಾಂಬೆ ಜಯಶ್ರೀ ಆಸ್ಕರ್ ನಾಮನಿರ್ದೇಶನ ಪಡೆದದ್ದು ಸಂಗೀತದ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದೆ, ಸಿನಿಮಾದ ವಾದಕ್ಕೆ ಮಾತ್ರ ನೆನಪಾಗುವುದಿಲ್ಲ.

‘ಟೈಟಾನಿಕ್ ನಡೆದ ಕತೆ’

ಹಡಗು ಮುಳುಗಿದ್ದು ನಿಜ, ಜಾಕ್–ರೋಸ್ ಕಟ್ಟುಕತೆ. ಚಿತ್ರದ ನಾಯಕ ಜಾಕ್ ಡಾಸನ್ ಹೆಸರನ್ನೇ ಹೋಲುವ ‘ಜೆ. ಡಾಸನ್’ ಎಂಬ ಗೋರಿ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿದೆ, ಆದರೆ ಅದು ಜಾಕ್‌ನದಲ್ಲ. ಅವನು ಜೋಸೆಫ್ ಡಾಸನ್, ಹಡಗಿನ ಕಲ್ಲಿದ್ದಲು ಕೆಲಸದವನು. ಜಾಕ್ ರೇಖಾಚಿತ್ರ ಬರೆಯುವಾಗ ಕಾಣುವ ಕೈ ನಿರ್ದೇಶಕ ಜೇಮ್ಸ್ ಕ್ಯಾಮರಾನ್‌ದು.

‘ಕನ್ನಡಕ್ಕೆ ಡಬ್ ಮಾಡಬಾರದು ಅಂತ ಕಾನೂನಿದೆ’

ಅಂಥ ಕಾನೂನು ಎಂದೂ ಇರಲಿಲ್ಲ. 1960ರ ದಶಕದಲ್ಲಿ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟಿದ್ದು ಮದರಾಸಿನಲ್ಲಿ ತಯಾರಾಗುತ್ತಿದ್ದಾಗ, ಕನ್ನಡ ಚಳವಳಿಯ ಅನಕೃ, ಮ. ರಾಮಮೂರ್ತಿ ಮೊದಲಾದವರ ಹೋರಾಟದಿಂದ ಹುಟ್ಟಿದ ಕಟ್ಟುಪಾಡು ಅದು. ಆ ಹೊತ್ತಿಗೆ ಅದಕ್ಕೆ ಕಾರಣವಿತ್ತು. ಚಿತ್ರೋದ್ಯಮದ ಸಂಘಗಳು ಅದನ್ನು ದಶಕಗಟ್ಟಲೆ ಕಾಯ್ದುಕೊಂಡು ಬಂದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಸ್ಪರ್ಧೆಗೆ ಅಡ್ಡಿ ಎಂದು ದಂಡ ಹಾಕಿತು. ಮರುವರ್ಷ ಬಂದ ‘ಜಂಗಲ್ ಬುಕ್’ ಹಿಂದಿ, ತಮಿಳು, ತೆಲುಗು ಮಾತಾಡಿತು. ಕಾರಾಪುರದ ಹುಡುಗ ಹಿಂದೆ ಮಾಡಿದ್ದ ಪಾತ್ರಕ್ಕೆ ಕನ್ನಡ ಮಾತ್ರ ಬರಲಿಲ್ಲ. 2022ರ ‘ಅವತಾರ್: ದಿ ವೇ ಆಫ್ ವಾಟರ್’ ಹೊತ್ತಿಗೆ ಕನ್ನಡವೂ ಪಟ್ಟಿಯಲ್ಲಿತ್ತು.

ಈಗ ಕೇಳುವ ದೂರು ಬೇರೆ. ‘ಡಬ್ ಮಾಡಿದ ಕನ್ನಡ ಯಾರೂ ಆಡೋ ಕನ್ನಡ ಅಲ್ಲ, ಶಾಲೆ ನಾಟಕದ ಕನ್ನಡ’ ಎನ್ನುತ್ತಾರೆ ಅರಕಲಗೂಡಿನ ಹುಡುಗರು, ಮತ್ತೆ ಇಂಗ್ಲಿಷ್ ಆವೃತ್ತಿಗೇ ಟಿಕೆಟ್ ತೆಗೆಯುತ್ತಾರೆ. ಆ ದೂರಿಗೆ ನನ್ನ ಹತ್ತಿರ ತಿದ್ದುಪಡಿ ಇಲ್ಲ.