ನಲವತ್ತೆರಡು ಗ್ಯಾಲನ್ನಿನ ಊರು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ವಾಯವ್ಯ ಮೂಲೆಯಲ್ಲಿ ಟೈಟಸ್‌ವಿಲ್ ಎಂಬ ಪುಟ್ಟ ಊರಿದೆ. ಪಿಟ್ಸ್‌ಬರ್ಗಿನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಊರಂಚಿನಲ್ಲಿ ಹರಿಯುವ ಹಳ್ಳಕ್ಕೆ ಆಯಿಲ್ ಕ್ರೀಕ್ ಎಂದೇ ಹೆಸರು. ನೀರಿನ ಮೇಲೆ ತೇಲಿಬರುತ್ತಿದ್ದ ಎಣ್ಣೆಯನ್ನು ಇಲ್ಲಿನ ಮೂಲನಿವಾಸಿ ಸೆನೆಕಾ ಜನ ಮದ್ದಾಗಿ ಬಳಸುತ್ತಿದ್ದರು. ಇದೇ ಹಳ್ಳದ ದಡದಲ್ಲಿದೆ ಡ್ರೇಕ್ ವೆಲ್ ಮ್ಯೂಸಿಯಂ. ಪೆಟ್ರೋಲಿಯಂ ಉದ್ಯಮ ಹುಟ್ಟಿದ ಜಾಗವೆಂದು ಇದನ್ನು ನೋಡಲು ಜನ ಬರುತ್ತಾರೆ. ಎಣ್ಣೆಯನ್ನು ಅಳೆಯುವುದನ್ನು ಜಗತ್ತು ಕಲಿತ ಜಾಗವೂ ಇದೇ ಎಂಬುದು ಸುತ್ತಾಡಿದ ಮೇಲೆ ನನಗೆ ಮನದಟ್ಟಾಯಿತು.

ಮೊದಲು ಸಿಗುವುದು ಹಲಗೆ ಹೊಡೆದ ಮನೆ, ಅದರ ತುದಿಗೆ ಎತ್ತರದ ಮರದ ಗೋಪುರ. ಮೂಲ ಕಟ್ಟಡ 1859ರ ಅಕ್ಟೋಬರ್‌ನಲ್ಲೇ ಸುಟ್ಟುಹೋಗಿತ್ತು. ಈಗಿರುವುದನ್ನು ಹಳೆಯ ಛಾಯಾಚಿತ್ರಗಳನ್ನು ನೋಡಿ 1945ರಲ್ಲಿ ಅದೇ ಬಾವಿಯ ಮೇಲೆ ಕಟ್ಟಿದರು. ಒಳಗೆ ಉಗಿಯಂತ್ರ, ಏತದಂತೆ ಏರಿಳಿಯುವ ತೊಲೆ, ನೆಲದಲ್ಲಿ ಕಬ್ಬಿಣದ ಕೊಳವೆಯ ಬಾಯಿ. ನೋಡಬೇಕಾದದ್ದು ಆ ಕೊಳವೆಯನ್ನು.

ಎಡ್ವಿನ್ ಡ್ರೇಕ್ ರೈಲಿನ ಕಂಡಕ್ಟರ್ ಆಗಿದ್ದವನು. ಸೆನೆಕಾ ಆಯಿಲ್ ಕಂಪನಿ ಅವನನ್ನು ಇಲ್ಲಿಗೆ ಕಳಿಸಿತ್ತು. ಹಳ್ಳದ ಪಕ್ಕದ ನೆಲವೆಲ್ಲ ಮರಳು, ಜಲ್ಲಿ. ತೋಡಿದಷ್ಟೂ ನೀರು ನುಗ್ಗಿ ಗೋಡೆ ಕುಸಿಯುತ್ತಿತ್ತು. ಡ್ರೇಕ್ ಹತ್ತು ಅಡಿ ಉದ್ದದ ಎರಕದ ಕಬ್ಬಿಣದ ಕೊಳವೆಗಳನ್ನು ಒಂದರ ಮೇಲೊಂದು ಇಟ್ಟು, 32 ಅಡಿ ಕೆಳಗಿನ ಬಂಡೆ ಮುಟ್ಟುವವರೆಗೆ ಬಡಿದು ಇಳಿಸಿದ. ಆಮೇಲೆ ಕೊಳವೆಯೊಳಗೇ ಬಂಡೆ ಕೊರೆಯುವ ಕೆಲಸ ನಡೆಯಿತು, ದಿನಕ್ಕೆ ಸುಮಾರು ಮೂರು ಅಡಿ. 1859ರ ಆಗಸ್ಟ್ 27ರಂದು ಉಳಿ 69.5 ಅಡಿಯಲ್ಲಿ ನಿಂತಿತು. ಮರುದಿನ ಭಾನುವಾರ, ಕೊರೆಯುವ ಹೊಣೆ ಹೊತ್ತಿದ್ದ ಕಮ್ಮಾರ ಬಿಲ್ಲಿ ಸ್ಮಿತ್ ಇಣುಕಿದಾಗ ಎಣ್ಣೆ ಮೇಲೆ ಬಂದಿತ್ತು. ಬಾವಿಗೆ ಕೊಳವೆ ಇಳಿಸುವ ಈ ಉಪಾಯಕ್ಕೆ ಡ್ರೇಕ್ ಪೇಟೆಂಟ್ ಪಡೆಯಲಿಲ್ಲ. ಕೊನೆಗಾಲದಲ್ಲಿ ಬಡತನಕ್ಕೆ ಬಿದ್ದ ಅವನಿಗೆ 1873ರಲ್ಲಿ ರಾಜ್ಯವೇ ವರ್ಷಕ್ಕೆ 1,500 ಡಾಲರ್ ಪಿಂಚಣಿ ಕೊಡಬೇಕಾಯಿತು.

ಅಗೆಯುವ ಮೊದಲೇ ಈ ಎಣ್ಣೆಯ ಬೆಲೆ ಗೊತ್ತಾದದ್ದು ಪ್ರಯೋಗಶಾಲೆಯಲ್ಲಿ. 1855ರಲ್ಲಿ ಯೇಲ್‌ನ ರಸಾಯನಶಾಸ್ತ್ರಜ್ಞ ಬೆಂಜಮಿನ್ ಸಿಲಿಮನ್ ಕಿರಿಯ ಇದನ್ನು ಹಂತಹಂತವಾಗಿ ಕಾಯಿಸಿ, ಒಂದೊಂದು ಬಿಸಿಯಲ್ಲಿ ಆವಿಯಾಗುವ ಭಾಗವನ್ನು ಬೇರೆಬೇರೆ ಹಿಡಿದಿಟ್ಟ. ಅದರಿಂದ ಒಳ್ಳೆಯ ದೀಪದ ಎಣ್ಣೆ ಸಿಗುತ್ತದೆಂದು ವರದಿ ಕೊಟ್ಟ. ಮೊದಮೊದಲ ಸಂಸ್ಕರಣಾಗಾರಗಳು ಮಾಡಿದ್ದೂ ಇದನ್ನೇ. ಕಬ್ಬಿಣದ ಹಂಡೆಯ ಕೆಳಗೆ ಬೆಂಕಿ, ಹೊರಟ ಆವಿ ತಣ್ಣೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಹಾದು ಮತ್ತೆ ದ್ರವ. ಮೊದಲು ಇಳಿಯುವುದು ತೆಳುವಾದ, ಥಟ್ಟನೆ ಹೊತ್ತಿಕೊಳ್ಳುವ ಭಾಗ. ಅದಕ್ಕೆ ಆಗ ಗಿರಾಕಿಯೇ ಇರಲಿಲ್ಲ. ಆಮೇಲೆ ಸೀಮೆಎಣ್ಣೆ, ತಳದಲ್ಲಿ ಟಾರು. ಇಂದಿನ ಮುಗಿಲೆತ್ತರದ ಸಂಸ್ಕರಣಾ ಗೋಪುರಗಳೂ ಕುದಿಬಿಂದುವಿನ ಇದೇ ವ್ಯತ್ಯಾಸದ ಮೇಲೆ ನಿಂತಿವೆ.

ಎಣ್ಣೆಯೇನೋ ಬಂತು, ತುಂಬುವುದು ಯಾವುದರಲ್ಲಿ? ವಿಸ್ಕಿಯ ಪೀಪಾಯಿ, ಮೀನಿನ ಪೀಪಾಯಿ, ಉಪ್ಪಿನ ಪೀಪಾಯಿ, ಸಿಕ್ಕಿದ್ದೆಲ್ಲ ಬಂದವು. ಒಂದೊಂದರದ್ದು ಒಂದೊಂದು ಗಾತ್ರ. ಗಾಡಿಯಲ್ಲಿ ಕುಲುಕಿ, ಸೋರಿ, ಊರು ಸೇರುವಾಗ ಎಷ್ಟು ಉಳಿಯಿತೆಂಬುದೇ ಜಗಳ. 1866ರ ಆಗಸ್ಟ್‌ನಲ್ಲಿ ಇಲ್ಲಿನ ಉತ್ಪಾದಕರು ಸೇರಿ ಒಂದು ತೀರ್ಮಾನಕ್ಕೆ ಬಂದರು. ಲೆಕ್ಕ 40 ಗ್ಯಾಲನ್ನಿನದು, ಕೊಳ್ಳುವವನ ಪಾಲಿಗೆ ಇನ್ನೆರಡು ಗ್ಯಾಲನ್. ನಮ್ಮ ಸಂತೆಯಲ್ಲಿ ಸೇರು ಅಳೆದ ಮೇಲೆ ಹಾಕುವ ಕೊಸರಿನ ಹಾಗೆ. ಆ 42 ಗ್ಯಾಲನ್, ಅಂದರೆ ಸುಮಾರು 159 ಲೀಟರ್, ಇಂದಿಗೂ ಜಗತ್ತಿನ ಬ್ಯಾರೆಲ್. ಮರದ ಪೀಪಾಯಿ ಮರೆಯಾಗಿ ಎಷ್ಟೋ ಕಾಲವಾಯಿತು. ಕೊಸರು ಮಾತ್ರ ಲೆಕ್ಕದಲ್ಲಿ ಸೇರಿಕೊಂಡು ಉಳಿದಿದೆ.

ಪೀಪಾಯಿಯನ್ನು ಮೊದಲು ಮೂಲೆಗೆ ತಳ್ಳಿದ್ದೂ ಈ ಸೀಮೆಯೇ. ಹತ್ತಿರದ ಪಿಟ್‌ಹೋಲ್ 1865ರಲ್ಲಿ ಕೆಲವೇ ತಿಂಗಳಲ್ಲಿ ಸಾವಿರಾರು ಜನರ ಪಟ್ಟಣವಾಗಿ ಬೆಳೆದು, ಎಣ್ಣೆ ಬತ್ತಿದಂತೆ ಪಾಳುಬಿದ್ದ ಊರು. ಅಲ್ಲಿಂದ ಮಿಲ್ಲರ್ ಫಾರ್ಮ್ ರೈಲು ನಿಲ್ದಾಣಕ್ಕೆ ಐದು ಮೈಲಿಗೂ ಹೆಚ್ಚು ದೂರ. ಸ್ಯಾಮ್ಯುಯೆಲ್ ವ್ಯಾನ್ ಸಿಕಲ್ ಆ ಉದ್ದಕ್ಕೂ ಎರಡಂಗುಲದ ಕಬ್ಬಿಣದ ಕೊಳವೆ ಹಾಸಿ, ಉಗಿ ಪಂಪುಗಳಿಂದ ಎಣ್ಣೆ ನೂಕಿದ. ಹೊಟ್ಟೆಪಾಡು ಹೋಯಿತೆಂದು ಗಾಡಿಯವರು ಕೊಳವೆ ಕಿತ್ತರು. ಕಾವಲಿಗೆ ಬಂದೂಕಿನವರನ್ನು ನಿಲ್ಲಿಸಬೇಕಾಯಿತು. 1872ರಲ್ಲಿ ಇದೇ ಬಗೆಯ ಕೊಳವೆಯಲ್ಲಿ ನೈಸರ್ಗಿಕ ಅನಿಲವೂ ಟೈಟಸ್‌ವಿಲ್ ಮುಟ್ಟಿತು.

ಕೊಳವೆಯೊಳಗೆ ಹರಿಯುವ ಎಣ್ಣೆಯನ್ನು ಪೀಪಾಯಿಯಂತೆ ಎಣಿಸಲಾಗದು. ಹಾಗಾಗಿ ಗೇಜರ್ ಎಂಬ ಅಳತೆಗಾರ ಟ್ಯಾಂಕ್ ಏರಿ, ತಳ ಮುಟ್ಟುವಂತೆ ಕೋಲು ಇಳಿಸಿ ಮಟ್ಟ ನೋಡತೊಡಗಿದ. ಅಷ್ಟೇ ಸಾಲದು. ತಳದಲ್ಲಿ ನಿಂತ ನೀರನ್ನು ಕಳೆಯಬೇಕು. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, 10 ಡಿಗ್ರಿ ಸೆಲ್ಸಿಯಸ್ ಏರಿದರೆ ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು. ಒಂದು ಹಡಗಿನಷ್ಟು ಎಣ್ಣೆಯಲ್ಲಿ ಆ ಒಂದು ಪಾಲು ದೊಡ್ಡ ಮೊತ್ತ. ಅದಕ್ಕೇ ಅಮೆರಿಕದಲ್ಲಿ ಪ್ರತಿ ಅಳತೆಯನ್ನೂ 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಪರಿವರ್ತಿಸಿ ಲೆಕ್ಕ ಹಾಕುತ್ತಾರೆ. ತೇಲುವ ಗಾಜಿನ ಹೈಡ್ರೋಮೀಟರ್ ಸಾಂದ್ರತೆ ಹೇಳುತ್ತದೆ. ನೀರಿಗೆ 10 ಎಂದಿಟ್ಟು, ಹಗುರಾದಷ್ಟೂ ಅಂಕಿ ಏರುವ ಎಪಿಐ ಮಾಪಕ 1921ರಲ್ಲಿ ಬಂತು.

ಮಂಗಳೂರಿಗೆ ಹಡಗಿನಲ್ಲಿ ಬರುವ ಕಚ್ಚಾ ತೈಲಕ್ಕೂ, ಪಾದೂರಿನ ನೆಲದಡಿಯ ಗುಹೆಗಳಲ್ಲಿ ತುಂಬಿಟ್ಟ ತೈಲಕ್ಕೂ ಬೆಲೆ ಕಟ್ಟುವುದು ಈ ಬ್ಯಾರೆಲ್‌ನಲ್ಲೇ. ನಮ್ಮೂರಿನ ಪೆಟ್ರೋಲ್ ಬಂಕಿನಲ್ಲೂ ಗೇಜರನ ವಿದ್ಯೆ ಇದೆ. ಟ್ಯಾಂಕಿಗೆ ಡಿಪ್ ಹಾಕುತ್ತಾರೆ, ಹೈಡ್ರೋಮೀಟರ್ ಇಳಿಸಿ 15 ಡಿಗ್ರಿ ಸೆಲ್ಸಿಯಸ್‌ಗೆ ಸಾಂದ್ರತೆ ಲೆಕ್ಕ ಹಾಕುತ್ತಾರೆ, ಮೊಹರು ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇಟ್ಟಿರುತ್ತಾರೆ. ಗ್ರಾಹಕ ಕೇಳಿದರೆ ಅಳೆದು ತೋರಿಸಲೇಬೇಕು. ಕೇಳುವವರು ಕಡಿಮೆ. ಕೇಳುವುದು ರೂಢಿಯಾಗಬೇಕೆಂಬುದು ನನ್ನ ಆಸೆ. ಮಾರುವವನೂ ಕೊಳ್ಳುವವನೂ ಒಪ್ಪಿದ ಅಳತೆಯಿಲ್ಲದೆ ಈ ವ್ಯಾಪಾರ ಟೈಟಸ್‌ವಿಲ್‌ನಲ್ಲಿ ಕುದುರಲಿಲ್ಲ, ನಮ್ಮಲ್ಲೂ ಅದು ಬಾಳುವುದು ಆ ಒಪ್ಪಿಗೆ ಇರುವಷ್ಟು ಕಾಲವೇ.